ಸ್ವಂತ ಲೆಕ್ಕ, ಸ್ವಂತ ಧೈರ್ಯ

(ಪದವಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬದುಕಿನಲ್ಲಿ, ಕೆಲಸದಲ್ಲಿ ಧೈರ್ಯ ಮಾಡುವುದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಈ ವಿಷಯದ ಮೇಲೆ ಭಾಷಣ ಮಾಡುವುದು ಸುಲಭ. ಹೆದರಬೇಡಿ, ಮುನ್ನುಗ್ಗಿ, ದೊಡ್ಡ ಕನಸು ಕಾಣಿ ಅಂತ ಹೇಳಿ ಚಪ್ಪಾಳೆ ತೆಗೆದುಕೊಂಡು ಹೋಗಬಹುದು. ಆದರೆ ಇಲ್ಲಿ ಮುಂದೆ ಕೂತಿರುವ ಮಕ್ಕಳು ಇನ್ನು ಕೆಲವೇ ತಿಂಗಳಲ್ಲಿ ಒಂದು ತೀರ್ಮಾನ ಮಾಡಬೇಕು. ಹಿಂದಿನ ಸಾಲುಗಳಲ್ಲಿ ಅವರ ಅಪ್ಪ ಅಮ್ಮ ಕೂತಿದ್ದಾರೆ. ಮಕ್ಕಳ ಓದಿಗೆ ಸಾಲ ಮಾಡಿದವರೂ ಅವರಲ್ಲಿ ಇದ್ದಾರೆ. ಅವರೆದುರು ಸುಮ್ನೆ 'ನುಗ್ಗಿ' ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಾನು ಕಾಮರ್ಸ್ ಪಾಠ ಮಾಡುವವನು. ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಹತ್ತು ಜನ ಹೋದ ದಾರಿಯಲ್ಲಿ ಹೋದರೆ ಅಪಾಯ ಇಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಈ ನಂಬಿಕೆಯನ್ನು ಮೊದಲು ಸ್ವಲ್ಪ ಪರೀಕ್ಷೆ ಮಾಡೋಣ. ಮಲೆನಾಡು, ಕರಾವಳಿ ಕಡೆಯ ಹಿರಿಯರಿಗೆ ವೆನಿಲ್ಲಾ ನೆನಪಿರಬೇಕು.

ಜಗತ್ತಿಗೆ ಬೇಕಾದ ವೆನಿಲ್ಲಾದಲ್ಲಿ ದೊಡ್ಡ ಪಾಲು ಬರುವುದು ಮಡಗಾಸ್ಕರ್ ದ್ವೀಪದಿಂದ. 2000ನೇ ಇಸವಿಯ ಏಪ್ರಿಲ್‌ನಲ್ಲಿ ಅಲ್ಲಿಗೆ ದೊಡ್ಡ ಚಂಡಮಾರುತ ಬಡಿಯಿತು. ಬೆಳೆ ನೆಲಕಚ್ಚಿತು. ಬೆಲೆ ಏರತೊಡಗಿತು. 2003ರ ಹೊತ್ತಿಗೆ ನಮ್ಮ ಕಡೆ ಹಸಿ ಕೋಡಿನ ಬೆಲೆಯನ್ನು ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಮಾತಾಡುತ್ತಿದ್ದರು. ಅಡಿಕೆ ತೋಟದ ನಡುವೆ, ಮನೆ ಹಿತ್ತಿಲಲ್ಲಿ, ಗ್ಲಿರಿಸೀಡಿಯಾ ಗೂಟ ಸಿಕ್ಕಲ್ಲೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿತು. ಬಳ್ಳಿಯ ತುಂಡುಗಳನ್ನು ಮೀಟರ್ ಲೆಕ್ಕದಲ್ಲಿ ಮಾರಿದರು. ಕಳ್ಳರ ಕಾಟಕ್ಕೆ ಜನ ರಾತ್ರಿ ತೋಟದಲ್ಲೇ ಮಲಗಿದರು.

ಆ ಬೆಳೆಯ ಕೆಲಸ ಹೇಗಿತ್ತು ಗೊತ್ತಾ? ವೆನಿಲ್ಲಾ ಹೂ ಅರಳುವುದು ಬೆಳಗ್ಗೆ, ಬಾಡುವುದು ಅದೇ ದಿನ ಮಧ್ಯಾಹ್ನದೊಳಗೆ. ಅದರ ಪರಾಗಸ್ಪರ್ಶಕ್ಕೆ ಬೇಕಾದ ಕೀಟ ನಮ್ಮಲ್ಲಿ ಇಲ್ಲ. ಹಾಗಾಗಿ ಒಂದೊಂದು ಹೂವಿಗೂ ಮನುಷ್ಯರೇ ಆಗಬೇಕು. ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳ್ಳನೆ ಪೊರೆ ಇರುತ್ತದೆ. ಸಣ್ಣ ಕಡ್ಡಿಯಿಂದ ಆ ಪೊರೆ ಸರಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಮನೆಯ ಹೆಂಗಸರು, ಮಕ್ಕಳು ಬೆಳಗ್ಗೆ ಎದ್ದು ಈ ಕೆಲಸಕ್ಕೆ ಕೂರುತ್ತಿದ್ದರು. ಅಷ್ಟು ಶ್ರದ್ಧೆಯ ದುಡಿಮೆ ಅದು.

ಈಗ ಲೆಕ್ಕ ನೋಡಿ. ಬಳ್ಳಿ ನೆಟ್ಟ ಮೇಲೆ ಸರಿಯಾದ ಬೆಳೆ ಬರಲು ಸುಮಾರು ಮೂರು ವರ್ಷ ಬೇಕು. 2003ರ ಬೆಲೆ ನೋಡಿ ನೆಟ್ಟವರಿಗೆ ಕೋಡು ಸಿಗುವುದು 2006ರಲ್ಲಿ. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು. ಬೇರೆ ದೇಶಗಳೂ ವೆನಿಲ್ಲಾಕ್ಕೆ ಕೈ ಹಾಕಿದ್ದವು. ದುಬಾರಿಯಾಯಿತು ಅಂತ ಐಸ್‌ಕ್ರೀಮ್, ಬಿಸ್ಕತ್ತು ಮಾಡುವವರು ಕೃತಕ ವೆನಿಲಿನ್ ಕಡೆ ಹೊರಳಿದ್ದರು. ಬೆಲೆ ಪಾತಾಳಕ್ಕೆ ಇಳಿಯಿತು. ಸಾಲ ಮಾಡಿ ಬಳ್ಳಿ ಕೊಂಡವರು ಕೈ ಸುಟ್ಟುಕೊಂಡರು. ದುಡ್ಡು ಮಾಡಿದ್ದು ಮೊದಲೇ ನೆಟ್ಟಿದ್ದ ಕೆಲವರು, ಮತ್ತೆ ಬಳ್ಳಿ ಮಾರಿದವರು.

ಇಲ್ಲಿ ಯಾರೂ ತಮ್ಮನ್ನು ಸಾಹಸಿ ಅಂದುಕೊಂಡಿರಲಿಲ್ಲ. 'ಎಲ್ಲರೂ ಹಾಕಿದ್ದಾರೆ, ನಾವೂ ಹಾಕೋಣ' ಅಂದವರೇ ಜಾಸ್ತಿ. ಆದರೆ ಅವರು ತೆಗೆದುಕೊಂಡ ರಿಸ್ಕ್ ಬಹಳ ದೊಡ್ಡದು. ಪಕ್ಕದ ಮನೆಯವನೂ ಅದನ್ನೇ ಮಾಡುತ್ತಿದ್ದ, ಅದಕ್ಕೇ ಅದು ರಿಸ್ಕ್ ಅಂತ ಅನ್ನಿಸಲಿಲ್ಲ, ಅಷ್ಟೇ. ಇವತ್ತು ಸಿಇಟಿ ಪ್ರವೇಶ ಪರೀಕ್ಷೆ ಆದ ಮೇಲೆ ಸೀಟಿಗೆ ಆಪ್ಷನ್ ಎಂಟ್ರಿ ಮಾಡುವಾಗ ಕಣ್ಣು ಮುಚ್ಚಿ ಕಂಪ್ಯೂಟರ್ ಸೈನ್ಸ್ ಒತ್ತುವ ಮನೆಗಳಲ್ಲೂ ನಡೆಯುವುದು ಇದೇ. ಸೀಟು ತೆಗೆದುಕೊಳ್ಳುವ ದಿನದ ಮಾರುಕಟ್ಟೆ ನೋಡುತ್ತೇವೆ. ಮಗು ಹೊರಗೆ ಬರುವುದು ನಾಲ್ಕು ವರ್ಷದ ನಂತರ. ಆ ಓದು ತಪ್ಪು ಅಂತ ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಓದಿದರೆ ಬಹಳ ಒಳ್ಳೆಯ ಓದು. ಆದರೆ 'ಎಲ್ಲರೂ ತಗೊಂಡಿದ್ದಾರೆ' ಅನ್ನುವುದು ಲೆಕ್ಕ ಅಲ್ಲ. ಲೆಕ್ಕ ಹಾಕದೆ ಇರುವುದಕ್ಕೆ ನಾವು ಕೊಡುವ ನೆಪ.

ಹಾಗಾದರೆ ಧೈರ್ಯ ಅಂದರೆ ಯಾವುದು? ಅದಕ್ಕೆ ಒಬ್ಬರ ಕೆಲಸವನ್ನು ಹತ್ತಿರದಿಂದ ನೋಡೋಣ. ಮಣಿಪಾಲದ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಡಾಕ್ಟರ್ ಟಿ.ಎಂ.ಎ. ಪೈ. ಮಣಿಪಾಲ ಅಂದ ಕೂಡಲೇ ನಿಮಗೆ ದೊಡ್ಡ ಕಟ್ಟಡಗಳು ಕಣ್ಣ ಮುಂದೆ ಬರುತ್ತವೆ. ನಾನು ಅದಕ್ಕಿಂತ ಹಿಂದಕ್ಕೆ ಹೋಗುತ್ತೇನೆ.

1898ರಲ್ಲಿ ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಹುಟ್ಟಿದವರು. ಎಂಬಿಬಿಎಸ್ ಓದಿ ವೈದ್ಯರಾದರು. 1925ರಲ್ಲಿ ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರ ಜೊತೆ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಮೂಲ ಬಂಡವಾಳ 8,000 ರೂಪಾಯಿ. ಆಗ ಆ ಭಾಗದ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಅವರ ಕೈಗೆ ಒಂದಿಷ್ಟು ಹಣ ಒದಗಿಸಬೇಕು ಅನ್ನುವುದು ಬ್ಯಾಂಕಿನ ಉದ್ದೇಶಗಳಲ್ಲಿ ಒಂದು.

ಬ್ಯಾಂಕ್ ಮಾಡುವುದು ಆ ಜಿಲ್ಲೆಯಲ್ಲಿ ಹೊಸತೇನೂ ಆಗಿರಲಿಲ್ಲ. ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲೇ ಕಾರ್ಪೊರೇಷನ್ ಬ್ಯಾಂಕ್ 1906ರಲ್ಲೇ ಶುರುವಾಗಿದ್ದವು. ಕರ್ನಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿತ್ತು. ಅಂದರೆ ಪೈಯವರೂ ಹತ್ತು ಜನ ಹೋದ ದಾರಿಯಲ್ಲೇ ಕಾಲಿಟ್ಟರು. ನನಗೆ ಈ ಮಾತು ಬಹಳ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಧೈರ್ಯ ಅಂದರೆ ಎಲ್ಲದರಲ್ಲೂ ಬೇರೆಯಾಗಿರಬೇಕು ಅಂತ ಹುಡುಗರು ತಿಳಿದುಕೊಂಡಿರುತ್ತಾರೆ. ಹಾಗೇನಿಲ್ಲ. ಎಲ್ಲರೂ ಮಾಡುವ ಕೆಲಸವನ್ನೇ ಮಾಡುತ್ತಾ, ಎಲ್ಲರೂ ಬಿಟ್ಟುಹೋದ ಒಂದು ಜಾಗ ಹಿಡಿಯಬಹುದು.

ಎಲ್ಲರೂ ಬಿಟ್ಟುಹೋದ ಜಾಗ ಯಾವುದು? ದಿನಕ್ಕೆ ಎರಡಾಣೆ ಉಳಿಸಬಲ್ಲವರು. ಮೀನು ಮಾರುವವರು, ನೇಯುವವರು, ಬೀಡಾ ಅಂಗಡಿಯವರು, ಗಾಡಿ ಹೊಡೆಯುವವರು. ಬ್ಯಾಂಕಿಗೆ ಅವರು ಬರುತ್ತಿರಲಿಲ್ಲ. ಬರಬೇಕೆಂದರೆ ಅರ್ಧ ದಿನದ ದುಡಿಮೆ ಬಿಡಬೇಕು. ಬಂದರೂ ಮೇಜಿನ ಆ ಕಡೆ ಕೂತವರ ಮುಂದೆ ನಿಲ್ಲಲು ಅಳುಕು. ಬ್ಯಾಂಕಿನ ಕಡೆಯಿಂದ ನೋಡಿದರೂ ಕಷ್ಟವೇ. ಎರಡಾಣೆ ಎಣಿಸಿ, ಲೆಡ್ಜರಿನಲ್ಲಿ ಬರೆದು, ರಶೀದಿ ಕೊಡುವ ಗುಮಾಸ್ತನ ಸಮಯಕ್ಕೇ ಅದಕ್ಕಿಂತ ಜಾಸ್ತಿ ಖರ್ಚು. ಬುದ್ಧಿ ಇದ್ದ ಯಾವ ಬ್ಯಾಂಕಿನವರೂ ಆ ತಂಟೆಗೆ ಹೋಗುತ್ತಿರಲಿಲ್ಲ.

1928ರಲ್ಲಿ ಪೈಯವರ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ತರುವುದು. ಏಜೆಂಟರಿಗೆ ಸಂಬಳದ ಬದಲು ಕಮಿಷನ್.

ಇದನ್ನು ನಾನು ತರಗತಿಯಲ್ಲಿ ಹಲಗೆ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ದಿನಕ್ಕೆ ಎರಡಾಣೆ ಅಂದರೆ ವರ್ಷಕ್ಕೆ 730 ಆಣೆ. ರೂಪಾಯಿಗೆ 16 ಆಣೆ. ಅಲ್ಲಿಗೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೂಲ ಬಂಡವಾಳ 8,000 ಅಂತ ಹೇಳಿದೆ ಅಲ್ವಾ? ಸುಮಾರು 175 ಜನ ಒಂದು ವರ್ಷ ತಪ್ಪದೆ ಪಿಗ್ಮಿ ಕಟ್ಟಿದರೆ ಆ ಬಂಡವಾಳದಷ್ಟು ಹಣ ಸೇರುತ್ತದೆ. 175 ಜನ ಅಂದರೆ ಒಂದು ಪೇಟೆ ಬೀದಿ. ಹೊರಗಿನವರಿಗೆ ಹುಚ್ಚಾಟ ಅನ್ನಿಸಿದ್ದು ಲೆಕ್ಕ ಹಾಕಿದವರಿಗೆ ಹಾಗೆ ಕಾಣುವುದಿಲ್ಲ. ಗುಮಾಸ್ತನ ಖರ್ಚು ತಡೆಯಲು ಕಮಿಷನ್ ಏಜೆಂಟ್. ಜನರ ಅಳುಕು ಕಳೆಯಲು ಅವರ ಬೀದಿಯ ಪರಿಚಯದ ಹುಡುಗ. ಸಮಯ ಉಳಿಸಲು ಮನೆ ಬಾಗಿಲು. ಒಂದೊಂದು ಅಡ್ಡಿಗೂ ಒಂದೊಂದು ಉತ್ತರ.

ಪಿಗ್ಮಿ ಇವತ್ತಿಗೂ ನಡೆಯುತ್ತಿದೆ. ಸಂಜೆ ಹೊತ್ತು ಪೇಟೆಯಲ್ಲಿ ನಿಂತು ನೋಡಿ. ಹೆಗಲಿಗೆ ಬ್ಯಾಗ್ ಹಾಕಿಕೊಂಡು ಪಿಗ್ಮಿ ಏಜೆಂಟ್ ಬರುತ್ತಾರೆ. ತರಕಾರಿ ಅಂಗಡಿಯಾಕೆ ತೂಕ ಮಾಡುತ್ತಲೇ ಗಲ್ಲಾ ಪೆಟ್ಟಿಗೆಯಿಂದ ನೂರರ ನೋಟು ತೆಗೆದುಕೊಡುತ್ತಾರೆ. ಕೈಯಲ್ಲಿನ ಪುಟ್ಟ ಮಷೀನಿನಿಂದ ಚೀಟಿ ಹೊರಗೆ ಬರುತ್ತದೆ. ವ್ಯಾಪಾರ ಇಲ್ಲದ ದಿನ 'ಇವತ್ತು ಬೇಡ ಅಣ್ಣ, ನಾಳೆ ಸೇರಿಸಿ ಕೊಡ್ತೀನಿ' ಅಂತಾರೆ. ಆತ ತಲೆಯಾಡಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಫೀಸಿಗೆ ಒಡೆಯುವುದು ಪಿಗ್ಮಿ. ಮೊಬೈಲಿನಲ್ಲಿ ಎಲ್ಲ ಆಗುವ ಕಾಲದಲ್ಲೂ ಸಹಕಾರಿ ಬ್ಯಾಂಕು, ಸೊಸೈಟಿಗಳು ಇದನ್ನು ಬಿಟ್ಟಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಂಸ್ಥೆಯ ಧೈರ್ಯದ ಭಾರವನ್ನು ಹೊತ್ತವರು ಯಾರು? ಬಿಸಿಲಲ್ಲಿ ಮಳೆಯಲ್ಲಿ ತಿರುಗಿದ ಏಜೆಂಟರು. ಅವರಿಗೆ ಬ್ಯಾಂಕಿನ ಹೆಸರಿತ್ತು, ಬ್ಯಾಂಕ್ ನೌಕರಿಯ ಭದ್ರತೆ ಇರಲಿಲ್ಲ. ಪಿಗ್ಮಿ ಏಜೆಂಟರು ಕೆಲಸಗಾರರು ಹೌದೋ ಅಲ್ಲವೋ ಅನ್ನುವ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಅವರು ಕಾರ್ಮಿಕರೇ ಅಂತ 2001ರಲ್ಲಿ ತೀರ್ಪು ಬಂತು. ಪದ್ಧತಿ ಶುರುವಾಗಿ ಎಪ್ಪತ್ತು ವರ್ಷ ದಾಟಿತ್ತು. ನೀವು ಮುಂದೆ ಏನಾದರೂ ಕಟ್ಟಿದರೆ ಇದನ್ನು ದಯವಿಟ್ಟು ನೆನಪಿಡಿ. ನಿಮ್ಮ ಸಾಹಸಕ್ಕೆ ನಿಮ್ಮ ಕೈಕೆಳಗಿನವರ ಬದುಕು ಪಣ ಆಗಬಾರದು. ಆಗಲೇಬೇಕೆಂದರೆ ಗೆದ್ದಾಗ ಅವರ ಪಾಲೂ ಇರಬೇಕು.

ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯಿತು. ಆ ಕಥೆ ನಿಮಗೆ ಗೊತ್ತೇ ಇದೆ.

ಪೈಯವರ ಎರಡನೆಯ ಹೆಜ್ಜೆ ಇದಕ್ಕಿಂತ ದೊಡ್ಡದು. 1953. ಅವರಿಗೆ ಆಗ 55 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಜನ ಪೆನ್ಷನ್ ಲೆಕ್ಕ ಹಾಕುತ್ತಾರೆ. ಇವರು ಮಣಿಪಾಲದ ಮುರಕಲ್ಲಿನ ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದರು. ಕಸ್ತೂರ್ಬಾ ಮೆಡಿಕಲ್ ಕಾಲೇಜು. ಸರ್ಕಾರದ ದುಡ್ಡಿಲ್ಲದೆ, ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜು ದೇಶದಲ್ಲಿ ಅದೇ ಮೊದಲು ಅಂತ ಗುರುತಿಸುತ್ತಾರೆ. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು.

ಡಾಕ್ಟರಾಗುವವರಿಗೆ ಪುಸ್ತಕ, ಲ್ಯಾಬ್ ಇದ್ದರೆ ಸಾಲದು. ರೋಗಿಗಳು ಬೇಕು. ದೊಡ್ಡ ಆಸ್ಪತ್ರೆ ಬೇಕು. ಅದನ್ನು ಕಟ್ಟಲು ದುಡ್ಡೂ ಬೇಕು, ವರ್ಷಗಳೂ ಬೇಕು. ಪೈಯವರು ಹುಡುಕಿದ ದಾರಿ ನೋಡಿ. ಮಂಗಳೂರಿನಲ್ಲಿ ಸರ್ಕಾರದ ವೆನ್ಲಾಕ್ ಆಸ್ಪತ್ರೆ ಇತ್ತು. ಅಲ್ಲಿ ರೋಗಿಗಳು ತುಂಬಿದ್ದರು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಹತ್ತಿರ ಕಲಿಯುವ ವರ್ಷಗಳು ಮಂಗಳೂರಿನಲ್ಲಿ. ಸರ್ಕಾರದ ಆಸ್ಪತ್ರೆಗೆ ಕಾಲೇಜಿನ ವೈದ್ಯರ ಸೇವೆ, ಕಾಲೇಜಿಗೆ ಆಸ್ಪತ್ರೆಯ ಅನುಭವ. ಇಬ್ಬರಿಗೂ ಲಾಭ. ಕೈಯಲ್ಲಿ ಇಲ್ಲದ್ದನ್ನು ಕೊರಗುತ್ತಾ ಕೂರದೆ, ಯಾರ ಹತ್ತಿರ ಇದೆ, ಅವರಿಗೆ ನನ್ನಿಂದ ಏನು ಬೇಕು ಅಂತ ಕೇಳಿದ್ದು. ಇದನ್ನು ನಾನು ಬಹಳ ಮೆಚ್ಚುತ್ತೇನೆ. ದುಡ್ಡು ಇದ್ದರೆ ಯಾರು ಬೇಕಾದರೂ ಆಸ್ಪತ್ರೆ ಕಟ್ಟುತ್ತಾರೆ.

ಆಮೇಲೆ ಅದೇ ದಾರಿಯಲ್ಲಿ ಸಾಲುಸಾಲಾಗಿ ಖಾಸಗಿ ಕಾಲೇಜುಗಳು ಬಂದವು. ಡೊನೇಷನ್ ಅನ್ನುವುದು ಮನೆಮನೆಯ ಮಾತಾಯಿತು. 1984ರಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಕಾನೂನು ತರಬೇಕಾಯಿತು. ಬಡವರ ಮಕ್ಕಳಿಗೆ ಖಾಸಗಿ ವೈದ್ಯಕೀಯ ಓದು ಇವತ್ತಿಗೂ ಕೈಗೆಟುಕುವುದಿಲ್ಲ. ಒಬ್ಬರು ಧೈರ್ಯ ಮಾಡಿ ತೆರೆದ ಬಾಗಿಲಿನಿಂದ ಆಮೇಲೆ ಯಾರು ಯಾರು ಒಳಗೆ ಬರುತ್ತಾರೆ ಅನ್ನುವುದು ತೆರೆದವರ ಕೈಯಲ್ಲಿ ಇರುವುದಿಲ್ಲ. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ.

ಇನ್ನೊಂದು ಮಾತು. ಪೈಯವರ ಬೆನ್ನಿಗೆ ಕುಟುಂಬ ಇತ್ತು, ವೈದ್ಯ ಪದವಿ ಇತ್ತು, ಜಿಲ್ಲೆಯಲ್ಲಿ ಹೆಸರಿತ್ತು. ಬಿದ್ದರೂ ಎದ್ದು ನಿಲ್ಲಲು ಜಾಗ ಇತ್ತು. ಎಲ್ಲರಿಗೂ ಅದು ಇರುವುದಿಲ್ಲ. ಅದಕ್ಕೇ ಈಗ ನಾನು ಹೇಳುವುದು ಅಂಥ ಜಾಗ ಇಲ್ಲದಿದ್ದ ಒಬ್ಬ ಹೆಣ್ಣುಮಗಳ ಬಗ್ಗೆ.

ಆರ್. ನಾಗರತ್ನಮ್ಮ. ನಮ್ಮ ಹುಡುಗರಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅದಕ್ಕೆ ಬೇಜಾರಿದೆ ನನಗೆ. ಕಂಪನಿ ನಾಟಕಗಳಲ್ಲಿ ಪಳಗಿದ ನಟಿ. ಆ ಕಾಲದ ರಂಗಭೂಮಿ ಹೇಗಿತ್ತು ನೆನಪು ಮಾಡಿಕೊಳ್ಳಿ. ಒಂದು ಕಾಲಕ್ಕೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು. ಹೆಂಗಸರು ರಂಗಕ್ಕೆ ಬಂದ ಮೇಲೂ ಅವರ ಬಗ್ಗೆ ಊರು ಆಡುವ ಮಾತು ನಿಲ್ಲಲಿಲ್ಲ. ಕಂಪನಿ ಮಾಲೀಕರು ಗಂಡಸರು. ಯಾವ ನಾಟಕ, ಯಾರಿಗೆ ಯಾವ ಪಾತ್ರ, ಯಾರಿಗೆ ಎಷ್ಟು ದುಡ್ಡು ಅಂತ ತೀರ್ಮಾನ ಮಾಡುವವರೂ ಅವರೇ.

1958ರಲ್ಲಿ ನಾಗರತ್ನಮ್ಮ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಕ್ಕೂ ಹೆಂಗಸರೇ. ಕೃಷ್ಣನೂ ಹೆಣ್ಣು, ಭೀಮನೂ ಹೆಣ್ಣು, ಕಂಸನೂ ಹೆಣ್ಣು. ಕಂಸ, ಭೀಮರಂಥ ಆರ್ಭಟದ ಪಾತ್ರಗಳಲ್ಲಿ ಸ್ವತಃ ನಾಗರತ್ನಮ್ಮನೇ ಹೆಸರು ಮಾಡಿದರು. ಪೌರಾಣಿಕ ನಾಟಕ ನೋಡಿದವರಿಗೆ ಗೊತ್ತು, ಆ ಪಾತ್ರ ಎಷ್ಟು ಮೈ ಕೇಳುತ್ತದೆ ಅಂತ. ತಲೆ ಮೇಲೆ ಭಾರದ ಕಿರೀಟ, ಭುಜಕೀರ್ತಿ, ಮೈತುಂಬ ಜರಿ ಉಡುಪು, ದಪ್ಪ ಮೀಸೆ, ಹೆಗಲ ಮೇಲೆ ಗದೆ. ಹಲಗೆ ನಡುಗುವ ಹಾಗೆ ಹೆಜ್ಜೆ ಹಾಕಬೇಕು. ಹಾರ್ಮೋನಿಯಂ ಏರು ಶ್ರುತಿಯಲ್ಲಿ ಹಿಡಿದಾಗ ಕೊನೆಯ ಸಾಲಿಗೆ ಕೇಳುವ ಹಾಗೆ ಕಂದ ಪದ್ಯ ಹಾಡಬೇಕು. ರಾತ್ರಿಯಿಡೀ.

ಇಲ್ಲೂ ಅಷ್ಟೆ. ಅವರು ಹೊಸ ಬಗೆಯ ನಾಟಕ ಹುಡುಕಿಕೊಂಡು ಹೋಗಲಿಲ್ಲ. ಜನಕ್ಕೆ ಬಾಯಿಪಾಠ ಆಗಿದ್ದ ಪೌರಾಣಿಕ ನಾಟಕಗಳನ್ನೇ ಆಡಿದರು. ಬದಲಾದದ್ದು ಒಂದೇ, ಗದೆ ಹಿಡಿದ ಕೈ ಯಾರದ್ದು ಅನ್ನುವುದು. ಅದರ ಜೊತೆಗೆ ತಂಡದ ತೀರ್ಮಾನಗಳೂ ಹೆಂಗಸರ ಕೈಗೆ ಬಂದವು. ವರ್ಷಾನುಗಟ್ಟಲೆ ದುಡಿದು ಕಲಿತ ಕಸುಬು ಅವರ ಬಂಡವಾಳ. ಗಂಡಸರ ಪಾತ್ರ ಹೇಗೆ ಮಾಡಬೇಕು ಅಂತ ರಂಗದ ಮೇಲೆ ಪಕ್ಕದಲ್ಲೇ ನಿಂತು ನೋಡಿದ್ದರು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು. ಗೌರವ ಬಂದದ್ದು ಬಹಳ ತಡ. ಆದರೆ ಅವರು ಅದಕ್ಕೆ ಕಾದು ಕೂತವರಲ್ಲ.

ಹುಡುಗಿಯರಿಗೆ ಒಂದು ಮಾತು ಸೇರಿಸುತ್ತೇನೆ. ಎಷ್ಟೋ ಸಲ ಹೊಸ ದಾರಿ ಹಿಡಿಯುವುದು ಆಸೆಯಿಂದ ಅಲ್ಲ, ಹಳೆ ದಾರಿ ಬಾಗಿಲು ಹಾಕಿದ್ದರಿಂದ. ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬಂದವರು. ಹೆಣ್ಣು ಅನ್ನುವ ಕಾರಣಕ್ಕೆ ಇಲ್ಲಿ ಬ್ರೂಮಾಸ್ಟರ್, ಅಂದರೆ ಬಿಯರ್ ತಯಾರಿಕೆಯ ಮುಖ್ಯಸ್ಥರ ಕೆಲಸ ಸಿಗಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಬಯೋಕಾನ್ ಕಂಪನಿ ಶುರು ಮಾಡಿದರು. ಮೊದಲು ಮಾಡಿದ್ದು ಪಪ್ಪಾಯಿಯಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ಹುದುಗಿನ ವಿಜ್ಞಾನ ಕಲಿತವರಿಗೆ ಕಿಣ್ವ ಹೊಸ ಲೋಕವೇನೂ ಅಲ್ಲ. ಕಲಿತದ್ದು ಕೈಬಿಡಲಿಲ್ಲ, ಬೇರೆ ಕಡೆ ಹಚ್ಚಿದರು.

ಧೈರ್ಯ ಮಾಡಿದವರಲ್ಲಿ ಇಲ್ಲಿಯವರೆಗೆ ಹೇಳಿದ್ದೆಲ್ಲ ಗೆದ್ದವರ ಕಥೆ. ಗೆದ್ದವರನ್ನಷ್ಟೇ ತೋರಿಸಿ ಧೈರ್ಯ ಮಾಡಿ ಅನ್ನುವುದು ನ್ಯಾಯ ಅಲ್ಲ. ಹಾಗಾಗಿ ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹಾಸನ ಜಿಲ್ಲೆಯ ಗೊರೂರಿನವರು. ಸೇನೆಯಲ್ಲಿದ್ದು 1971ರ ಯುದ್ಧ ನೋಡಿದವರು. ಸೇನೆ ಬಿಟ್ಟು ಊರಿಗೆ ಬಂದಾಗ ಕುಟುಂಬದ ಜಮೀನು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿತ್ತು. ಬದಲಿಗೆ ಜಾವಗಲ್ ಕಡೆ ಒಣ ಭೂಮಿ ಸಿಕ್ಕಿತ್ತು. ಅಲ್ಲೇ ಟೆಂಟ್ ಹಾಕಿಕೊಂಡು ಕೃಷಿ ಶುರು ಮಾಡಿದರು. ರೇಷ್ಮೆ ಕೃಷಿಯಲ್ಲಿ ಪರಿಸರಕ್ಕೆ ಒಗ್ಗುವ ಪದ್ಧತಿ ರೂಪಿಸಿದ್ದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಹೆಲಿಕಾಪ್ಟರ್ ಸೇವೆ. 2003ರಲ್ಲಿ ಏರ್ ಡೆಕ್ಕನ್.

ಆಗ ವಿಮಾನ ಅಂದರೆ ಸಾಹುಕಾರರದ್ದು. ಏರ್ ಡೆಕ್ಕನ್ ಅದನ್ನು ಬಿಡಿಬಿಡಿಯಾಗಿ ನೋಡಿತು. ಪುಕ್ಕಟೆ ಊಟ ಬೇಡ. ಟಿಕೆಟನ್ನು ವೆಬ್‌ಸೈಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೂಡ ಮಾರಿದರು. ಸಣ್ಣ ಊರುಗಳ ಗಿಡ್ಡ ರನ್‌ವೇಯಲ್ಲಿ ಇಳಿಯಬಲ್ಲ ಎಟಿಆರ್ ಎಂಬ ಸಣ್ಣ ವಿಮಾನಗಳನ್ನು ಆರಿಸಿದರು. ಮೊದಲು ಹಾರಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಕೊಟ್ಟರು. ಗುರುತಿಗೆ ಆರ್.ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'. ಶುರುವಿನ ದಿನಗಳಲ್ಲೇ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನಾ ವಿಮಾನದ ಎಂಜಿನ್‌ಗೆ ಬೆಂಕಿ ಹತ್ತಿತು. ಗಣ್ಯರು, ಪತ್ರಕರ್ತರು ಅದರೊಳಗಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಾಗಿಲು ಹಾಕುತ್ತಿದ್ದರು. ಇವರು ಹಾರಾಟ ಮುಂದುವರಿಸಿದರು.

ಆದರೆ ಲೆಕ್ಕ ಕೂಡಲಿಲ್ಲ. 2005, 2006ರಲ್ಲಿ ಸ್ಪೈಸ್‌ಜೆಟ್, ಕಿಂಗ್‌ಫಿಷರ್, ಗೋ ಏರ್, ಇಂಡಿಗೋ ಸಾಲಾಗಿ ಬಂದವು. ದರಕ್ಕೆ ದರ ಇಳಿಸುವ ಪೈಪೋಟಿ. ಇಂಧನ ದುಬಾರಿ. ಕಂಪನಿ ಬೆಳೆದ ವೇಗಕ್ಕೆ ವ್ಯವಸ್ಥೆ ಬೆಳೆಯಲಿಲ್ಲ. ವಿಮಾನ ತಡ, ವಿಮಾನ ರದ್ದು ಅನ್ನುವ ದೂರು. ನಷ್ಟ ಬೆಟ್ಟದಷ್ಟಾಯಿತು. 2007ರಲ್ಲಿ ದೊಡ್ಡ ಪಾಲನ್ನು ವಿಜಯ್ ಮಲ್ಯ ಅವರ ಗುಂಪಿಗೆ ಮಾರಬೇಕಾಯಿತು. ಮರುವರ್ಷ 'ಡೆಕ್ಕನ್' ಅನ್ನುವ ಹೆಸರೂ ಹೋಯಿತು. ಅದನ್ನು ಕೊಂಡ ಕಿಂಗ್‌ಫಿಷರ್ 2012ರಲ್ಲಿ ನೆಲಕ್ಕಿಳಿಯಿತು. ಸಂಬಳ ಸಿಗದ ನೌಕರರ ಗೋಳು ನೀವು ಪೇಪರಿನಲ್ಲಿ ಓದಿರುತ್ತೀರಿ.

ಈಗ ದೇಶದಲ್ಲಿ ಅತಿ ಹೆಚ್ಚು ಜನರನ್ನು ಹೊತ್ತೊಯ್ಯುವುದು ಇಂಡಿಗೋ. ಅದು ಮೊದಲು ಬಂದದ್ದಲ್ಲ, ಮೂರು ವರ್ಷ ಬಿಟ್ಟು ಹಿಂದೆ ಬಂದದ್ದು. ಅಂದರೆ ಹಿಂಬಾಲಿಸಿದವರೇ ಗೆದ್ದರು. ಈ ವೇದಿಕೆಗೆ ಇದು ಅಷ್ಟು ಅನುಕೂಲದ ಉದಾಹರಣೆ ಅಲ್ಲ. ಆದರೂ ಹೇಳಲೇಬೇಕು. ಮೊದಲು ಹೋದವರು ಎಡವಿದ ಜಾಗ ನೋಡಿಕೊಂಡು, ತಮ್ಮದೇ ಲೆಕ್ಕ ಹಾಕಿ ಹಿಂದೆ ಬರುವುದರಲ್ಲಿ ಯಾವ ಅವಮಾನವೂ ಇಲ್ಲ. ಅವರು ಕಣ್ಣು ಬಿಟ್ಟು ಹಿಂಬಾಲಿಸಿದರು. ಹಾಗೇ, ಏರ್ ಡೆಕ್ಕನ್ ಸೋತಿತು ಅಂತ ಒಂದೇ ಮಾತಿನಲ್ಲಿ ಮುಗಿಸಲೂ ನನಗೆ ಮನಸ್ಸಿಲ್ಲ. ಮೊದಲ ಸಲ ವಿಮಾನ ಹತ್ತಿದ ಎಷ್ಟೋ ಅಜ್ಜ ಅಜ್ಜಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಅವರನ್ನು ಕೇಳಿ ನೋಡಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನುವ ಗಾದೆಯನ್ನು ಹೆದರಿಸಲು ಬಳಸುತ್ತೇವೆ. ನನಗೆ ಅದು ಒಳ್ಳೆಯ ಅಳತೆಗೋಲಿನ ಹಾಗೆ ಕಾಣುತ್ತದೆ. ಮೊದಲು ಹಾಸಿಗೆ ಅಳೆಯಿರಿ. ಎಷ್ಟು ಹಣ ಹೋದರೂ ಮನೆಯ ಅಡುಗೆ, ಅಮ್ಮನ ಔಷಧಿ, ತಂಗಿಯ ಫೀಸು ನಿಲ್ಲುವುದಿಲ್ಲ? ಆ ಮೊತ್ತ ಬರೆದಿಡಿ. ಕೆಲವರಿಗೆ ಅದು ಐದು ಲಕ್ಷ, ಕೆಲವರಿಗೆ ಐದು ಸಾವಿರ. ಐದು ಸಾವಿರದವರು ಧೈರ್ಯ ಮಾಡಬಾರದು ಅಂತ ಅಲ್ಲ. ಅವರ ಪ್ರಯೋಗ ಐದು ಸಾವಿರದ್ದಾಗಿರಲಿ. ಪಿಗ್ಮಿಯನ್ನೂ ಇಡೀ ಜಿಲ್ಲೆಯಲ್ಲಿ ಒಂದೇ ದಿನ ಹರಡಬೇಕಿರಲಿಲ್ಲ, ಒಂದು ಬೀದಿಯಲ್ಲಿ ನಡೆಸಿ ನೋಡಬಹುದಿತ್ತು. ಆ ಗುಣ ಇರುವ ಕೆಲಸ ಹುಡುಕಿ. ವಿಮಾನ ಕಂಪನಿಯನ್ನು ಸಣ್ಣದಾಗಿ ನಡೆಸುವುದು ಕಷ್ಟ. ತೋಟ, ಟೈಲರಿಂಗ್, ಟ್ಯೂಷನ್, ತಿಂಡಿ, ಅನುವಾದ, ಸಾಫ್ಟ್‌ವೇರ್ ಇವನ್ನೆಲ್ಲ ಸಣ್ಣದಾಗಿ ಮಾಡಿ ನೋಡಬಹುದು.

ಜಾಮೀನಿಗೆ ಅಪ್ಪನ ಜಮೀನು ಪತ್ರ ಕೇಳುವ ಸಾಲದಿಂದ ಮೊದಲ ಪ್ರಯೋಗ ಮಾಡಬೇಡಿ. ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ. ಸೋತರೆ ಅನುಭವಿಸುವವರು ನೀವಲ್ಲ, ಅವರು.

ಅಪ್ಪ ಅಮ್ಮಂದಿರಿಗೂ ಒಂದು ಮಾತಿದೆ. 'ನಾಲ್ಕು ಜನ ಏನಂತಾರೆ' ಅನ್ನುವುದನ್ನು ಮನೆಯ ಲೆಕ್ಕದಿಂದ ತೆಗೆದುಹಾಕಿ. ಆ ನಾಲ್ಕು ಜನ ನಿಮ್ಮ ಕಂತು ಕಟ್ಟುವುದಿಲ್ಲ. ನಿಮ್ಮ ಮಗಳು ಇಷ್ಟವಿಲ್ಲದ ಕೆಲಸದಲ್ಲಿ ಮೂವತ್ತು ವರ್ಷ ಸವೆದರೆ ಬಂದು ಸಮಾಧಾನ ಹೇಳುವುದೂ ಇಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಎಷ್ಟು ದಿನ ಪ್ರಯತ್ನ ಮಾಡಬೇಕು? ಯಾವಾಗ ಬಿಡಬೇಕು?"

ಶುರು ಮಾಡುವ ಮೊದಲೇ ತಾರೀಖು ಹಾಕಿಕೋ ಅಂದೆ. ಒಳಗೆ ಇಳಿದ ಮೇಲೆ ಮನಸ್ಸು ನ್ಯಾಯ ಹೇಳುವುದಿಲ್ಲ. 'ಇಷ್ಟು ಹಾಕಿದ್ದೀನಿ, ಇನ್ನು ಸ್ವಲ್ಪ' ಅಂತ ಎಳೆಯುತ್ತದೆ. ಇಂಥ ತಿಂಗಳೊಳಗೆ ಇಷ್ಟು ಗಿರಾಕಿ, ಇಷ್ಟು ಆದಾಯ ಆಗದಿದ್ದರೆ ನಿಲ್ಲಿಸುತ್ತೇನೆ ಅಂತ ಮೊದಲೇ ಬರೆದು ಮನೆಯಲ್ಲಿ ಒಬ್ಬರಿಗೆ ಕೊಡು. ಆ ದಿನ ಬಂದಾಗ ಅವರ ಜೊತೆ ಕೂತು ನೋಡು.

ಇನ್ನೊಬ್ಬರು, ಹಿಂದಿನ ಸಾಲಿನಲ್ಲಿದ್ದ ರೈತರು, ಕೇಳಿದರು: "ನಮ್ಮ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ತೋಟದಲ್ಲಿ ಹೊಸ ಬೆಳೆ ಮಾಡ್ತೀನಿ ಅಂತಾನೆ. ಬೇಡ ಅನ್ನಲೋ, ಮಾಡು ಅನ್ನಲೋ?"

ನಾನು ಅವರನ್ನೇ ಕೇಳಿದೆ. ಆ ಬೆಳೆಯನ್ನು ಈಗ ಯಾರು ಕೊಳ್ಳುತ್ತಾರೆ, ಅವನಿಗೆ ಗೊತ್ತಾ? ಬೆಳೆ ಬರುವ ವರ್ಷ ಇನ್ನೂ ಎಷ್ಟು ಜನ ಅದನ್ನು ಮಾರುಕಟ್ಟೆಗೆ ತರಬಹುದು, ಯೋಚಿಸಿದ್ದಾನಾ? ಬೆಳೆದವರ ತೋಟಕ್ಕೆ ಹೋಗಿ ಕೂಲಿ, ಗೊಬ್ಬರ, ನೀರಿನ ಖರ್ಚು ಬರೆದುಕೊಂಡು ಬಂದಿದ್ದಾನಾ? ಬೇಡ ಅನ್ನುವ ಮೊದಲು ಅವನು ಬರೆದುಕೊಂಡ ಪುಸ್ತಕ ಕೇಳಿ ನೋಡಿ ರಾಯರೇ. ಪುಟ ಖಾಲಿ ಇದ್ದರೆ ನಿಮ್ಮ ಭಯ ಸರಿ, ಸದ್ಯಕ್ಕೆ ಕೆಲಸ ಬಿಡಬೇಡ ಅನ್ನಿ. ಪುಟ ತುಂಬಿದ್ದರೆ, ಮೊದಲ ವರ್ಷಕ್ಕೆ ಎಷ್ಟು ಗುಂಟೆ ಬಿಟ್ಟುಕೊಡಬಹುದು ಅಂತ ಅವನ ಜೊತೆ ಕೂತು ಮಾತಾಡಿ.